ಏನೂ ಆಗದ ಸನ್ನೆ

ನಮ್ಮ ಕಡೆ ಡ್ರೈವರ್ ಎಂದರೆ ಒಂದೇ ಅರ್ಥ. ಮೂಡುಬಿದಿರೆಯಿಂದ ಗುರುವಾಯನಕೆರೆಗೆ ಹೋಗುವ ಬಸ್ಸಿನಲ್ಲಿ ಮುಂದೆ ಕೂತು, ಒಂದು ಕೈಯಲ್ಲಿ ಸ್ಟಿಯರಿಂಗ್, ಇನ್ನೊಂದರಲ್ಲಿ ಗೇರು ಹಿಡಿದು, ಹಾರ್ನನ್ನು ಯಾವ ಕೈಯಲ್ಲಿ ಬಾರಿಸುತ್ತಾರೆಂದು ಯಾರಿಗೂ ಗೊತ್ತಾಗದಂತೆ ಬಾರಿಸುವವರು. ಹಾಗಾಗಿ ಒಂದು ಮದುವೆ ಊಟದ ಪಂಕ್ತಿಯಲ್ಲಿ, ಬಿಡುವಿನಲ್ಲಿ ಏನು ಮಾಡುತ್ತೀ ಎಂದು ಕೇಳಿದ ಹಿರಿಯರಿಗೆ ನಾನು "ಡ್ರೈವರ್ ಬರೀತಾ ಇದ್ದೇನೆ" ಎಂದಾಗ ಅವರು ಅನ್ನ ಕಲಸುವುದನ್ನು ನಿಲ್ಲಿಸಿದರು.

"ಕಾಲೇಜಿನ ಕೆಲಸ ಹೋಯ್ತಾ?"

"ಇಲ್ಲ, ಉಂಟು. ಇದು ಟಚ್‌ಪ್ಯಾಡಿನ ಡ್ರೈವರ್."

"ಹೆವಿ ಲೈಸೆನ್ಸ್ ಬೇಕಾಗ್ತದಾ ಅದಕ್ಕೆ?"

ಬೇಡ ಎಂದೆ. ಅವರಿಗೆ ನನ್ನ ಮೇಲಿದ್ದ ಗೌರವ ಇನ್ನಷ್ಟು ಇಳಿಯಿತು.

ನಾನು ಮೂಡುಬಿದಿರೆಯ ಒಂದು ಕಾಲೇಜಿನಲ್ಲಿ ಕಂಪ್ಯೂಟರ್ ಕಲಿಸುವವನು. ಮನೆ ತೋಡಾರಿನಲ್ಲಿ. ಲ್ಯಾಪ್‌ಟಾಪಿನ ಕೀಲಿಗಳ ಕೆಳಗೆ ಅಂಗೈಯಷ್ಟು ಅಗಲದ ಒಂದು ನುಣುಪು ಚೌಕ ಇರುತ್ತದಲ್ಲ, ಅದೇ ಟಚ್‌ಪ್ಯಾಡ್. ಅದರ ಮೇಲೆ ಬೆರಳು ಎಲ್ಲಿ ತಾಗಿತು, ಎತ್ತ ಜಾರಿತು ಎಂಬುದನ್ನು ಕೇಳಿಸಿಕೊಂಡು ಕಂಪ್ಯೂಟರಿಗೆ ಅರ್ಥ ಹೇಳುವ ದುಭಾಷಿಯೇ ಡ್ರೈವರ್. ಪರಸ್ಪರ ಮುಖ ನೋಡದ ಹತ್ತಾರು ಜನ ಬೇರೆಬೇರೆ ದೇಶಗಳಲ್ಲಿ ಕೂತು, ಯಾರಿಂದಲೂ ಸಂಬಳ ಪಡೆಯದೆ, ಇಂಥ ಒಂದು ಡ್ರೈವರನ್ನು ಬರೆಯುತ್ತಿದ್ದರು. ಆ ಹತ್ತಾರು ಜನರಲ್ಲಿ ನಾನೂ ಒಬ್ಬ ಎಂಬುದು ನನಗೆ ಬಹಳ ದೊಡ್ಡ ಸಂಗತಿಯಾಗಿತ್ತು. ಹೆಂಡತಿಗೆ ಆಗಿರಲಿಲ್ಲ.

ನಾನು ಅದಕ್ಕೆ ಹೊಸ ಸನ್ನೆಗಳನ್ನು ಸೇರಿಸುತ್ತಿದ್ದೆ. ಮೂರು ಬೆರಳು ಪಕ್ಕಕ್ಕೆ ಜಾರಿಸಿದರೆ ಒಂದು ಕಿಟಕಿಯಿಂದ ಇನ್ನೊಂದಕ್ಕೆ, ನಾಲ್ಕು ಬೆರಳು ಕೆಳಗೆ ಎಳೆದರೆ ಎಲ್ಲ ಮುಚ್ಚಿ ಖಾಲಿ ಪರದೆ. ಇವೆಲ್ಲ ಬೇರೆಯವರೂ ಮಾಡಿದ್ದೇ. ನನ್ನ ಸ್ವಂತದ್ದು ಒಂದೇ, ಅದಕ್ಕೆ ನಾನಿಟ್ಟ ಹೆಸರು ಚಿಟಿಕೆ. ಹೆಬ್ಬೆರಳು, ತೋರುಬೆರಳು ಎರಡನ್ನೂ ಟಚ್‌ಪ್ಯಾಡಿನ ಮೇಲಿಟ್ಟು ಚಿಟಿಕೆ ಉಪ್ಪು ತೆಗೆಯುವಂತೆ ಹತ್ತಿರ ತಂದರೆ, ಬರೆಯುತ್ತಿದ್ದ ಸಾಲು ಇಡಿಯಾಗಿ ಎದ್ದು ಬರುತ್ತದೆ. ಬೇಕಾದ ಕಡೆ ಹೋಗಿ ಬೆರಳು ಬಿಡಿಸಿದರೆ ಅಲ್ಲಿ ಇಳಿಯುತ್ತದೆ. ಕತ್ತರಿಸು, ಅಂಟಿಸು ಎಂಬ ರಗಳೆಯೇ ಇಲ್ಲ. ಇದನ್ನು ಕಂಡುಹಿಡಿದ ವಾರ ನಾನು ಊಟದ ಬಟ್ಟಲಿನಿಂದ ಉಪ್ಪಿನಕಾಯಿ ತೆಗೆಯುವಾಗಲೂ ಬೆರಳನ್ನು ಸ್ವಲ್ಪ ಹೆಮ್ಮೆಯಿಂದ ಮಡಚುತ್ತಿದ್ದೆ. ಡ್ರೈವರಿನ ಉಸ್ತುವಾರಿ ನೋಡುವ ಮಹಾಶಯ, ಅವರು ಯಾವ ದೇಶದವರೋ ನನಗೆ ಇವತ್ತಿಗೂ ಗೊತ್ತಿಲ್ಲ, ತಿಂಗಳುಗಟ್ಟಲೆ ತಕರಾರು ತೆಗೆದು ಕಡೆಗೆ ಚಿಟಿಕೆಯನ್ನು ಒಪ್ಪಿಕೊಂಡರು.

ಅದೇ ಸಮಯಕ್ಕೆ ನನ್ನ ಅಕ್ಕನಿಗೆ ಕೆಲಸ ಸಿಕ್ಕಿತು.

ಅಕ್ಕ ನನಗಿಂತ ಏಳು ವರ್ಷ ದೊಡ್ಡವಳು. ಗುರುವಾಯನಕೆರೆಯ ಹತ್ತಿರ ಮನೆ. ಎಸ್ಸೆಸ್ಸೆಲ್ಸಿ ಮುಗಿಸಿ ತಡ್ಪೆ ಮಡಿಲಿಗೆ ಹಾಕಿಕೊಂಡವಳು ಇಪ್ಪತ್ತೆಂಟು ವರ್ಷ ಬೀಡಿ ಕಟ್ಟಿದಳು. ತಡ್ಪೆ ಎಂದರೆ ನಮ್ಮ ತುಳುವಿನಲ್ಲಿ ಮೊರ. ಅದರಲ್ಲಿ ಎಲೆ, ಹೊಗೆಸೊಪ್ಪು, ನೂಲು ಇಟ್ಟುಕೊಂಡು ಕೂತರೆ ಮುಗಿಯಿತು. ಕಟ್ಟುವಾಗ ಕೈಗೆ ಮಾತ್ರ ಕೆಲಸ, ಕಣ್ಣಿಗೆ ಇಲ್ಲ. ಆದ್ದರಿಂದ ಎದುರಿಗೆ ಪತ್ರಿಕೆ ಹರಡಿಕೊಂಡು ಓದುತ್ತಿದ್ದಳು. ಸಂಪಾದಕೀಯ, ಟೆಂಡರು ಪ್ರಕಟಣೆ, ಶ್ರದ್ಧಾಂಜಲಿ, ಯಾವುದನ್ನೂ ಬಿಡುತ್ತಿರಲಿಲ್ಲ. ಅಲ್ಪಪ್ರಾಣ ಮಹಾಪ್ರಾಣದಲ್ಲಿ ಅವಳು ತಪ್ಪಿದ್ದನ್ನು ನಾನು ಕಂಡಿಲ್ಲ. ನನ್ನದನ್ನು ಅವಳು ಬೇಕಾದಷ್ಟು ಕಂಡಿದ್ದಾಳೆ.

ಮೊದಲು, ಎಲೆ ಕೊಟ್ಟು ಕಟ್ಟಿದ ಬೀಡಿ ತೆಗೆದುಕೊಳ್ಳುವ ಬ್ರಾಂಚಿನಲ್ಲಿ ವಾರಕ್ಕೆ ಎರಡು ದಿನ ಮಾತ್ರ ಎಲೆ ಕೊಡತೊಡಗಿದರು. ಆಮೇಲೆ ಬ್ರಾಂಚೇ ಮುಚ್ಚಿತು. ಅಕ್ಕ ಅಳಲಿಲ್ಲ, ಕನ್ನಡ ಟೈಪಿಂಗಿಗೆ ಸೇರಿದಳು. ಕಲಿತು ಮುಗಿಸಿದವಳೇ ಬಂಟ್ವಾಳ ಪೇಟೆಯ ಒಬ್ಬ ದಸ್ತಾವೇಜು ಬರೆಯುವವರ ಕಚೇರಿಗೆ ಹೋಗಿ ಕೆಲಸ ಕೇಳಿದಳು. ಜಾಗದ ಕ್ರಯಪತ್ರ, ವಿಭಾಗಪತ್ರ, ಉಯಿಲು ಬರೆದುಕೊಡುವ ಕಚೇರಿ ಅದು. ಅವರು ಒಂದು ಹಳೆಯ ಪತ್ರ ಕೊಟ್ಟು ಓದಿಸಿದರು. ಅದರಲ್ಲಿದ್ದ ಮೂರು ಕಾಗುಣಿತದ ತಪ್ಪನ್ನು ಅಕ್ಕ ಅಲ್ಲೇ ಹೇಳಿದಳು. ಪತ್ರ ಬರೆದದ್ದು ಅವರ ತಂದೆ. ಆದರೂ ಕೆಲಸ ಕೊಟ್ಟರು, ಮೂರು ತಿಂಗಳು ನೋಡುವ ಎಂಬ ಮಾತಿನ ಮೇಲೆ.

"ಹೊಗೆಸೊಪ್ಪಿನ ವಾಸನೆ ಇಲ್ಲದ ಒಂದು ಕೆಲಸ," ಎಂದಳು ಅಕ್ಕ ಫೋನಿನಲ್ಲಿ. ನಾವು ಮಾತಾಡುವುದು ತುಳುವಿನಲ್ಲೇ. ಇಲ್ಲಿ ಕನ್ನಡದಲ್ಲಿ ಬರೆಯುತ್ತಿದ್ದೇನೆ. "ಐವತ್ತು ಆಗುವ ಮೊದಲು ನನಗೆ ಅದೊಂದು ಬೇಕು. ಮತ್ತೆ ಕೂತ್ಕೊಳ್ಳಲಿಕ್ಕೆ ಒಂದು ಕುರ್ಚಿ."

ನಾನು ನನ್ನ ಹಳೆಯ ಲ್ಯಾಪ್‌ಟಾಪನ್ನು ಅವಳಿಗೆ ಉಡುಗೊರೆ ಕೊಟ್ಟೆ, ನನ್ನ ಹೊಸ ಡ್ರೈವರನ್ನೇ ಹಾಕಿ. ತಮ್ಮನೆಂದರೆ ಹೀಗಿರಬೇಕು ಎಂದು ಭಾವ ಹೇಳಿದರು. ನಿಜ ಹೇಳಬೇಕೆಂದರೆ, ಚಿಟಿಕೆಯನ್ನು ಬಳಸಿ ನೋಡಲು ನನಗೆ ಯಾರಾದರೂ ಬೇಕಾಗಿದ್ದರು. ಹೆಂಡತಿ ಒಪ್ಪಿರಲಿಲ್ಲ.

ಕುರ್ಚಿ ಸಿಗಲಿಲ್ಲ. ಕೆಲಸ ಕೊಟ್ಟ ಯಜಮಾನರು, ಎಲ್ಲರ ಬಾಯಲ್ಲಿ ಧನಿಗಳು, ಎಪ್ಪತ್ತು ದಾಟಿದ ಜೈನರು, ಬಂಟ್ವಾಳದಲ್ಲಿ ತಲೆತಲಾಂತರದಿಂದ ಇದ್ದವರು. ಸೂರ್ಯ ಮುಳುಗುವ ಮೊದಲು ಊಟ ಮುಗಿಸುವ ಕ್ರಮ, ಆದ್ದರಿಂದ ಐದು ಗಂಟೆಗೆ ಕಚೇರಿ ಬಾಗಿಲು ಮುಚ್ಚುತ್ತಿತ್ತು. ಅವರು ಬರೆಯುವುದು ನೆಲದ ಮೇಲೆ ಹಾಸಿಗೆ ಹಾಕಿ, ಮುಂದೆ ಮುತ್ತಜ್ಜನ ಕಾಲದ ಇಳಿಜಾರು ಡೆಸ್ಕು ಇಟ್ಟುಕೊಂಡು. ಅದು ಒಂದು ನೆರೆಯಲ್ಲಿ ನೇತ್ರಾವತಿಗೆ ತೇಲಿಹೋಗಿ, ಆರು ದಿನ ಬಿಟ್ಟು ಯಾರದೋ ತೋಟದಲ್ಲಿ ಸಿಕ್ಕಿದ ಡೆಸ್ಕು. ನದಿಯೇ ಹಿಂದೆ ಕೊಟ್ಟದ್ದನ್ನು ನಾವು ಹೊರಗೆ ಹಾಕುವುದುಂಟಾ ಎಂದು ಧನಿಗಳು. ಅಂತೂ ಅಕ್ಕ ಮತ್ತೆ ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕೂತಳು. ಲ್ಯಾಪ್‌ಟಾಪ್ ಡೆಸ್ಕಿನ ಕೆಳಅಂಚಿನ ಪಟ್ಟಿಗೆ ತಾಗಿ ನಿಂತಿತು. ಮೌಸು ನಿಲ್ಲಲಿಲ್ಲ. ಇಳಿಜಾರಿನಲ್ಲಿ ಜಾರಿ ಮಡಿಲಿಗೆ ಬೀಳುತ್ತಿತ್ತು. ನೆಲದ ಮೇಲಿಟ್ಟರೆ ಕಕ್ಷಿದಾರರ ಕಾಲಿಗೆ ಸಿಗುತ್ತಿತ್ತು. ಹಾಗಾಗಿ ಟಚ್‌ಪ್ಯಾಡೇ ಗತಿ. ಇದನ್ನು ಕೇಳಿ ನನಗಾದ ಸಂತೋಷವನ್ನು ಈಗ ನೆನೆದರೆ ನಾಚಿಕೆಯಾಗುತ್ತದೆ.

ಎರಡನೇ ವಾರ ಅಕ್ಕನ ಫೋನು ಬಂತು.

"ನಿನ್ನ ಕಂಪ್ಯೂಟರಿನಲ್ಲಿ ಸಾಲು ಓಡ್ತದೆ ಮಾರಾಯ."

"ಓಡುವುದೆಂದರೆ?"

"ಬರೆದ ಸಾಲು ಅಲ್ಲಿ ಇರುದಿಲ್ಲ. ನೋಡಿದ್ರೆ ಬೇರೆ ಕಡೆ ಹೋಗಿ ಕೂತಿರ್ತದೆ."

ಆಗಿದ್ದು ಇಷ್ಟು. ಜಾಗದ ಪತ್ರದಲ್ಲಿ ಚಕ್ಕುಬಂದಿ ಎಂದು ಒಂದು ಭಾಗ ಇರುತ್ತದೆ. ಮೂಡಕ್ಕೆ ಏನು, ತೆಂಕಕ್ಕೆ ಏನು, ಪಡುವಕ್ಕೆ, ಬಡಗಕ್ಕೆ ಏನು ಎಂದು ನಾಲ್ಕು ಸಾಲಿನಲ್ಲಿ ಗಡಿ ಹೇಳುವುದು. ಅಕ್ಕ ಪಡುವಕ್ಕೆ ಬರೆದಿದ್ದ ನೆರೆಮನೆಯ ಬಾವಿ ಮೂಡಕ್ಕೆ ಬಂದಿತ್ತು. ಧನಿಗಳು ಗಟ್ಟಿಯಾಗಿ ಓದುವಾಗ ಕಕ್ಷಿದಾರ ಎದ್ದು ನಿಂತು, ಆ ಬಾವಿ ತನ್ನ ಅಡಿಗೆಮನೆಯಲ್ಲಿ ಉಂಟಾ ಎಂದು ಕೇಳಿದನಂತೆ. ಛಾಪಾ ಕಾಗದಕ್ಕೆ ಹೋಗುವ ಮೊದಲೇ ಸಿಕ್ಕಿತು, ಬಚಾವ್.

ಧನಿಗಳು ಬೈಯಲಿಲ್ಲ. ಬೈಯದ ಜನರ ಹತ್ತಿರ ಕೆಲಸ ಮಾಡುವುದು ಬಹಳ ಕಷ್ಟ. "ನೋಡಿಮ್ಮ," ಎಂದರಂತೆ, "ಬಾವಿಯನ್ನು ಒಂದು ಸಲ ಆಚೆ ಈಚೆ ಮಾಡಬಹುದು. ಜನ ನಗ್ತಾರೆ. ಎರಡನೇ ಸಲ ಕೋರ್ಟಿಗೆ ಹೋಗ್ತಾರೆ. ತಿಂಗಳ ಕೊನೆಗೆ ದೊಡ್ಡ ವಿಭಾಗಪತ್ರ ಒಂದು ಉಂಟು. ಅಷ್ಟರವರೆಗೆ ನೋಡುವ." ನೋಡುವ ಎಂದರೆ ಏನೆಂದು ಅಕ್ಕನಿಗೆ ಗೊತ್ತಿತ್ತು. ಮಂಗಳೂರಿನಲ್ಲಿ ಕಲಿತ ಒಬ್ಬ ಹುಡುಗಿ ಆಗಲೇ ಒಮ್ಮೆ ಬಂದು ವಿಚಾರಿಸಿ ಹೋಗಿದ್ದಳು.

ಯಂತ್ರ ತಪ್ಪು ಮಾಡಿದಾಗ ಯಂತ್ರ ಮಾಡಿದವನು ಮೊದಲು ಯಾರನ್ನು ನೋಡುತ್ತಾನೆ? ಬಳಸುವವರನ್ನು. ನಾನೂ ಅಕ್ಕನ ಕೈಯನ್ನು ನೋಡಿದೆ. ಕೈ ಒದ್ದೆ ಇರಬೇಕು, ಒರೆಸಿಕೋ ಎಂದೆ. ಒರೆಸಿಕೊಂಡಳು. ಅಂಗೈ ತಾಗುತ್ತಿರಬೇಕು ಎಂದು, ಅಂಗೈ ತಾಗಿದರೆ ಲೆಕ್ಕಿಸದಂತೆ ಡ್ರೈವರನ್ನು ತಿದ್ದಿ ಕಳಿಸಿದೆ. ಸಾಲು ಓಡಿತು. ಬಂಟ್ವಾಳದ ತೇವಕ್ಕೆ ಹಾಗಾಗಿರಬೇಕೆಂದು ಲ್ಯಾಪ್‌ಟಾಪಿಗೆ ಸುತ್ತಲು ಒಂದು ಬಟ್ಟೆ ಕೊಟ್ಟೆ. ಸಾಲು ಬಟ್ಟೆಯಿಂದ ಹೊರಬಂದು ಓಡಿತು. ಆಮೇಲೆ, ಬೀಡಿ ಕಟ್ಟಿ ಸವೆದ ಬೆರಳು ಟಚ್‌ಪ್ಯಾಡಿಗೆ ಸರಿಯಾಗಿ ಸಿಗುತ್ತಿಲ್ಲವೆಂದು ನಿರ್ಧರಿಸಿದೆ. ಆಧಾರವೂ ಇತ್ತು. ರೇಷನ್ ಅಂಗಡಿಯ ಯಂತ್ರಕ್ಕೆ ಅಕ್ಕನ ಹೆಬ್ಬೆಟ್ಟು ಯಾವತ್ತೂ ಸಿಕ್ಕಿದ್ದಿಲ್ಲ. ಗೆರೆಯೆಲ್ಲ ಎಲೆಯ ಜೊತೆ ಹೋಗಿದೆ. ಹೆಬ್ಬೆಟ್ಟು ಒತ್ತಿದಾಗಲೆಲ್ಲ ಯಂತ್ರ ಬೆರಳೇ ಇಲ್ಲ ಎನ್ನುತ್ತಿತ್ತು. ಸರಕಾರಕ್ಕೆ ಸಿಗದ ಬೆರಳು ನನ್ನ ಡ್ರೈವರಿಗೆ ಹೇಗೆ ಸಿಗಬೇಕು? ಹಾಗಾಗಿ ಟಚ್‌ಪ್ಯಾಡ್ ಇನ್ನೂ ಸೂಕ್ಷ್ಮವಾಗಿ ಕೇಳಿಸಿಕೊಳ್ಳುವಂತೆ ಮಾಡಿದೆ.

ಮರುದಿನ ಎರಡು ಬಾವಿ ಮತ್ತು ನೀರು ಹರಿಯುವ ಒಂದು ಸರಕಾರಿ ತೋಡು ಸ್ಥಳ ಬದಲಿಸಿದವು. ಅಕ್ಕನೇ ಹಿಡಿದಳು. ಪ್ರತಿ ಪುಟವನ್ನೂ ಮೂರು ಮೂರು ಸಲ ಓದುತ್ತಿದ್ದಳು. ಬೇರೆಯವರು ನಾಲ್ಕು ಪತ್ರ ಮುಗಿಸುವ ಹೊತ್ತಿಗೆ ಅವಳದ್ದು ಒಂದಾಗುತ್ತಿತ್ತು. ಧನಿಗಳ ಕಣ್ಣು ಗಡಿಯಾರದ ಕಡೆ ಹೋಗತೊಡಗಿತ್ತು.

ಕಡೆಗೆ, ಯಾರನ್ನಾದರೂ ದೂರುವ ಮೊದಲು ನೋಡಬೇಕಾದ್ದನ್ನು ನೋಡಲು ಹೊರಟೆ. ಟಚ್‌ಪ್ಯಾಡಿನ ಮೇಲೆ ಬೆರಳು ಹೋದ ದಾರಿಯನ್ನೆಲ್ಲ ಡ್ರೈವರು ಬರೆದಿಡುವಂತೆ ಮಾಡಿ, ಒಂದು ವಾರದ ದಾಖಲೆಯನ್ನು ಚಿತ್ರವಾಗಿ ಮುದ್ರಿಸಿದೆ. ಕಾಗದದ ತುಂಬ ಎರಡೆರಡು ಸಣ್ಣ ಕೊಂಕು ಗೆರೆಗಳು, ಒಂದಕ್ಕೊಂದು ಎದುರುಬದುರಾಗಿ, ಒಂದರ ಮೇಲೊಂದು ನೂರಾರು. ಬರೆಯುವಾಗ ಅಲ್ಲ, ಬರೆಯುವುದು ನಿಂತ ಹೊತ್ತಿನಲ್ಲಿ. ನಾನು ಎರಡು ದಿನ ಅದನ್ನು ತಿರುಗಿಸಿ ಮುರುಗಿಸಿ ನೋಡಿದೆ. ಪಕ್ಕದ ವಿಭಾಗದ ಸಹೋದ್ಯೋಗಿಯೊಬ್ಬರು ಇದು ಬಿಡಿಭಾಗದ ದೋಷವೇ ಸರಿ, ಮನುಷ್ಯರ ಬೆರಳು ಹೀಗೆ ಆಡುವುದಿಲ್ಲ ಎಂದು ಖಚಿತವಾಗಿ ಹೇಳಿದರು. ನನಗೂ ಹಾಗೇ ಅನ್ನಿಸಿತು.

ಭಾನುವಾರ ಕಾಗದ ಹಿಡಿದುಕೊಂಡು ಗುರುವಾಯನಕೆರೆಗೆ ಹೋದೆ, ಲ್ಯಾಪ್‌ಟಾಪನ್ನು ವಾಪಸು ತಂದು ಬೇರೆ ಟಚ್‌ಪ್ಯಾಡ್ ಹಾಕಿಸುವ ಅಂತ. ಅಕ್ಕ ಬಸಳೆ ಸೋಸುತ್ತ ಕೂತಿದ್ದಳು. ಕಾಗದವನ್ನು ಅವಳಿಗೆ ತೋರಿಸುವ ಉದ್ದೇಶವೇ ನನಗಿರಲಿಲ್ಲ. ಅವಳೇ ಬಗ್ಗಿ ನೋಡಿದಳು.

"ಇದು ಬೀಡಿ ಅಲ್ವಾ?"

"ಎಂತದು?"

"ಬೀಡಿ ಸುರುಟುದು. ಇಲ್ಲಿ ನೋಡು, ಮೂರು ಸಲ ಮುಂದೆ, ಒಂದು ಸಲ ಹಿಂದೆ. ಎಲೆ ಒಣಗಿದ್ರೆ ಹೀಗೇ. ಒಮ್ಮೆಲೇ ಸುರುಟಿದ್ರೆ ಒಡೀತದೆ." ಬಸಳೆಯ ನೀರು ಹತ್ತಿದ ಬೆರಳಿನಿಂದ ಇನ್ನೊಂದು ಕಡೆ ತೋರಿಸಿದಳು. "ಇದು ಒಳ್ಳೆ ಎಲೆ. ಹಿಂದೆ ಬರ್ಲೇ ಇಲ್ಲ. ಇದನ್ನು ಯಾರು ಬರೆದದ್ದು?"

"ನೀನೇ."

ಅವಳು ತನ್ನ ಬಲಗೈ ನೋಡಿಕೊಂಡಳು. ಬಸಳೆ ಬಿಟ್ಟ ಬಲಗೈಯ ಹೆಬ್ಬೆರಳು ತೋರುಬೆರಳಿನ ಮೇಲೆ ಸದ್ದಿಲ್ಲದೆ ಉಜ್ಜುತ್ತಿತ್ತು. ಮೂರು ಸಲ ಮುಂದೆ, ಒಂದು ಸಲ ಹಿಂದೆ. ಇಬ್ಬರೂ ನೋಡಿದೆವು. ನೋಡಿದ ಕೂಡಲೇ ನಿಂತಿತು.

ಆ ಕೈಯ ಎದುರು ಕೂತು ನಾನು ಮಗ್ಗಿ ಕಲಿತವನು. ತಡ್ಪೆಯ ಆಚೆ ಅವಳು, ಈಚೆ ನಾನು, ವರ್ಷಗಟ್ಟಲೆ. ಊರಿನ ಯಾವ ಕುರುಡನಿಗೂ ಗೊತ್ತಾಗಬಹುದಾಗಿದ್ದ ಆ ಚಲನೆಯನ್ನು ಕಾಗದದಲ್ಲಿ ಕಂಡು ನಾನು ಬಿಡಿಭಾಗದ ದೋಷ ಎಂದಿದ್ದೆ. ನನಗೆ ಬಹಳ ಕೆಟ್ಟದೆನಿಸಿತು. ಅದಕ್ಕಿಂತ ಕೆಟ್ಟದ್ದು ಮರುಗಳಿಗೆಯಲ್ಲಿ ಹೊಳೆಯಿತು. ಹೆಬ್ಬೆರಳು, ತೋರುಬೆರಳು ಟಚ್‌ಪ್ಯಾಡಿನ ಮೇಲೆ ಹತ್ತಿರ ಬಂದರೆ ಸಾಲು ಏಳುತ್ತದೆ, ದೂರ ಹೋದರೆ ಇಳಿಯುತ್ತದೆ. ಧನಿಗಳು ಮುಂದಿನ ವಾಕ್ಯ ಯೋಚಿಸುವಾಗ ಅಕ್ಕನ ಕೈ ತನ್ನಷ್ಟಕ್ಕೆ ಬೀಡಿ ಕಟ್ಟುತ್ತಿತ್ತು, ನನ್ನ ಚಿಟಿಕೆ ಅದಕ್ಕೆ ಬಾವಿ ಎತ್ತಿ ಕೊಡುತ್ತಿತ್ತು. ದೋಷ ಅವಳ ಕೈಯಲ್ಲೂ ಇರಲಿಲ್ಲ, ಬಂಟ್ವಾಳದ ತೇವದಲ್ಲೂ ಇರಲಿಲ್ಲ.

ಚಿಟಿಕೆಯನ್ನು ತೆಗೆದುಬಿಟ್ಟರೆ ಆಗುತ್ತಿತ್ತು. ಅರ್ಧ ನಿಮಿಷದ ಕೆಲಸ. ನಾನು ತೆಗೆಯಲಿಲ್ಲ. ನನ್ನದೆಂದು ಲೋಕದಲ್ಲಿ ಇದ್ದ ಒಂದೇ ಒಂದು ವಸ್ತು ಅದು ಎಂದು ಆಗ ಅನ್ನಿಸಿತ್ತು. ಅದರ ಬದಲು ನಾನು ಅಕ್ಕನಿಗೆ ಹೇಳಿದೆ, "ಕೈ ಸುಮ್ಮನೆ ಇಟ್ಟುಕೊಳ್ಳಲಿಕ್ಕೆ ಅಭ್ಯಾಸ ಮಾಡು." ಎಷ್ಟು ಸುಲಭವಾಗಿ ಹೇಳಿದೆ!

ಅವಳು ಮಾಡಿದಳು. ಆ ವಾರ ಬಲಗೈಯಲ್ಲಿ ಪೆನ್ಸಿಲ್ ಹಿಡಿದು ಕೂತಳು. ಪೆನ್ಸಿಲ್ ಸುರುಟತೊಡಗಿತು. ಎರಡು ಬೆರಳಿಗೆ ರಬ್ಬರ್ ಬ್ಯಾಂಡ್ ಹಾಕಿದಳು, ಬೆರಳು ಕೆಂಪಾಯಿತು. ಕೈಯ ಕಡೆ ಗಮನ ಕೊಟ್ಟರೆ ಧನಿಗಳ ಮಾತು ತಪ್ಪುತ್ತಿತ್ತು. ಮಾತಿನ ಕಡೆ ಗಮನ ಕೊಟ್ಟರೆ ಕೈ ತನ್ನ ಕೆಲಸಕ್ಕೆ ಹೋಗುತ್ತಿತ್ತು. ಯಾವತ್ತೂ ತಪ್ಪದ ಕಾಗುಣಿತದಲ್ಲಿ ಮೊದಲ ಸಲ ತಪ್ಪಿದಳು. ಶುಕ್ರವಾರ ಫೋನಿನಲ್ಲಿ ಅವಳ ಧ್ವನಿ ಸಣ್ಣದಾಗಿತ್ತು.

"ವಿಭಾಗಪತ್ರಕ್ಕೆ ಎಂಟು ದಿನ ಉಂಟು. ನನ್ನ ಕೈಯಿಂದ ಆಗ್ಲಿಕ್ಕಿಲ್ಲ ಅಂತ ನಾನೇ ಹೇಳಿಬಿಡ್ತೇನೆ. ಅವರು ಹೇಳುವ ಮೊದಲು ಹೇಳುದು ಮರ್ಯಾದೆ."

"ಬೇಡ," ಎಂದೆ. "ನಾನು ನಾಳೆ ಬರ್ತೇನೆ."

ಬಸ್ಸಿನಲ್ಲಿ ಹೋಗುವಾಗ ಒಂದು ದಾರಿ ಕಂಡಿತ್ತು. ಚಿಟಿಕೆ ಒಂದು ಸಲ ಮುಚ್ಚಿ ನಿಲ್ಲುತ್ತದೆ. ಸುರುಟುವುದು ನಿಲ್ಲುವುದಿಲ್ಲ, ಅದಕ್ಕೊಂದು ಲಯ ಉಂಟು. ಆ ಲಯವನ್ನು ಡ್ರೈವರು ಗುರುತಿಸಿದರೆ, ಇದು ಚಿಟಿಕೆಯಲ್ಲ ಎಂದು ಸುಮ್ಮನಿರಬಹುದು. ಅದಕ್ಕೆ ಅವಳ ಕೈಯ ಚಲನೆ ಸಾಕಷ್ಟು ದಾಖಲಾಗಬೇಕು. ಲ್ಯಾಪ್‌ಟಾಪ್ ಎದುರಿಟ್ಟು "ಸುರುಟು ನೋಡುವ" ಎಂದೆ.

ಅಕ್ಕ ಬೆರಳಿಟ್ಟಳು. ಬರಲಿಲ್ಲ.

"ಖಾಲಿ ಕೈಯಲ್ಲಿ ಹೇಗೆ ಮಾಡುದು? ಎಲೆ ಬೇಡ್ವಾ?"

"ಎಲೆ ಇಲ್ಲದೆ ತಿಂಗಳಿಂದ ಮಾಡ್ತಾ ಇದ್ದೀ!"

"ಅದು ನಾನು ಮಾಡಿದ್ದಾ?"

ಇಪ್ಪತ್ತೆಂಟು ವರ್ಷದ ಅನುಭವಿ, ಕೇಳಿದಾಗ ಒಂದು ಸಲವೂ ಸುರುಟಲಾರದೆ ಹೋದಳು. ಮದುವೆಯ ಫೋಟೋಕ್ಕೆ ನಗಲು ಹೇಳಿದರೆ ಮುಖ ಗಟ್ಟಿಯಾಗುತ್ತದಲ್ಲ, ಹಾಗೆ ಬೆರಳು ಗಟ್ಟಿಯಾದವು. ಆಗ ನನಗೆ ತೋಚಿದ್ದು, ಅವಳು ಯೋಚನೆಯಲ್ಲಿ ಬಿದ್ದರೆ ಕೈ ತಾನಾಗಿ ಹೊರಡುತ್ತದೆ ಎಂದು. "ಎಂತಾದರೂ ಮಾತಾಡು. ಬ್ರಾಂಚಿನ ಕತೆ ಹೇಳು."

ಕೈಯನ್ನು ಟಚ್‌ಪ್ಯಾಡಿನ ಮೇಲೆ ಬಿಟ್ಟು ಅವಳು ಹೇಳತೊಡಗಿದಳು. ಬ್ರಾಂಚಿನಲ್ಲಿ ಬೀಡಿ ಪರೀಕ್ಷೆ ಮಾಡುವ ಚೆಕ್ಕರ್ ಒಬ್ಬ ಇದ್ದ. ನಾನು ಕಾಲೇಜು ಸೇರಬೇಕಾದ ದಿನ ಬೆಳಿಗ್ಗೆ ಅಕ್ಕನ ಕಟ್ಟುಗಳನ್ನು ನೋಡಿ, ಸಡಿಲ ಉಂಟು ಎಂದು ಅರ್ಧಕ್ಕರ್ಧ ಆಚೆ ಎಸೆದನಂತೆ. ಅವಳು ಅಲ್ಲಿಯೇ ಜಗಲಿಯಲ್ಲಿ ಕೂತು ಎಲ್ಲವನ್ನೂ ಬಿಚ್ಚಿ ಮತ್ತೆ ಕಟ್ಟಿದಳು. ಮಧ್ಯಾಹ್ನ ಆಯಿತು. ಬೇರೆ ಹೆಂಗಸರು ತಮ್ಮ ಎಲೆ ಕೊಟ್ಟರು. ನನ್ನ ಪರದೆಯಲ್ಲಿ ಗೆರೆಗಳು ಏಳತೊಡಗಿದವು. ಮೂರು ಮುಂದೆ, ಒಂದು ಹಿಂದೆ. ಸೊಗಸಾದ ದಾಖಲೆ. "ನಿಲ್ಲಿಸ್ಬೇಡ, ಹೇಳು ಹೇಳು," ಎಂದೆ, ಪರದೆಯಿಂದ ಕಣ್ಣು ತೆಗೆಯದೆ.

"ಸಂಜೆಗೆ ಬೀಡಿ ಪಾಸಾಯ್ತು. ನಿನ್ನ ಫೀಸಿನ ದುಡ್ಡು ಹಿಡ್ಕೊಂಡು ಓಡಿ ಬಂದೆ. ನೀನು ಬಾಗಿಲಲ್ಲಿ ನಿಂತಿದ್ದಿ. ತಡ ಮಾಡಿದೆ ಅಂತ ಎರಡು ದಿನ ನನ್ನತ್ರ ಮಾತಾಡ್ಲಿಲ್ಲ ನೀನು."

"ಸಾಕು, ಬೇಕಾದಷ್ಟು ಸಿಕ್ಕಿತು," ಎಂದೆ. ಅವಳು ಹೇಳಿದ್ದು ನನ್ನ ಕಿವಿಗೆ ಬಿದ್ದಿತ್ತು. ತಲೆಗೆ ಹೋದದ್ದು ವಾಪಸು ಬಸ್ಸು ಹತ್ತಿದ ಮೇಲೆ.

ನಾಲ್ಕು ದಿನದಲ್ಲಿ ಹೊಸ ಸನ್ನೆ ಸಿದ್ಧವಾಯಿತು. ಹೆಸರು ಸುರುಟು. ಪಟ್ಟಿಯಲ್ಲಿ ಪ್ರತಿ ಸನ್ನೆಯ ಎದುರು ಅದರಿಂದ ಏನಾಗುತ್ತದೆಂದು ಒಂದು ಸಾಲು ಬರೆಯಬೇಕು. ತಟ್ಟಿದರೆ ಆಯ್ಕೆ, ಜಾರಿಸಿದರೆ ಚಲನೆ, ಚಿಟಿಕೆಗೆ ಸಾಲು ಎತ್ತುವುದು. ಸುರುಟಿನ ಎದುರು ಬರೆದೆ: "ಈ ಸನ್ನೆಯಿಂದ ಏನೂ ಆಗುವುದಿಲ್ಲ." ಉಸ್ತುವಾರಿ ಮಹಾಶಯರಿಗೆ ಕಳಿಸಿದೆ. ಅವರಿಂದ ಎರಡು ಪ್ರಶ್ನೆ ಬಂತು. ಏನೂ ಮಾಡದ ಸನ್ನೆಯನ್ನು ಗುರುತಿಸಲು ಇಷ್ಟು ಶ್ರಮ ಏಕೆ? ಮೂರು ಮುಂದೆ, ಒಂದು ಹಿಂದೆ ಎಂಬ ಲೆಕ್ಕ ಎಲ್ಲಿಂದ ಬಂತು? ಮೊದಲನೆಯದಕ್ಕೆ ಉತ್ತರ ಹೊಳೆಯಲಿಲ್ಲ. ಎರಡನೆಯದಕ್ಕೆ, ಎಲೆ ಒಣಗಿದ್ದರೆ ಹಾಗೆ ಎಂದು ಬರೆದೆ. ಅವರು ಮತ್ತೆ ಏನೂ ಕೇಳಲಿಲ್ಲ.

ವಿಭಾಗಪತ್ರದ ದಿನ ನಾನು ರಜೆ ಹಾಕಿ ಬಂಟ್ವಾಳಕ್ಕೆ ಹೋದೆ. ಹೊಸ ಡ್ರೈವರನ್ನು ಲ್ಯಾಪ್‌ಟಾಪಿಗೆ ಹಾಕಿಕೊಟ್ಟೆ. ಮನಸ್ಸಿಗೆ ಧೈರ್ಯ ಸಾಲದೆ, ಚಿಟಿಕೆಯನ್ನೂ ತೆಗೆದುಬಿಡಲೇ ಎಂದು ಅಕ್ಕನನ್ನು ಕೇಳಿದೆ.

"ತೆಗೀಬೇಡ," ಎಂದಳು. "ಧನಿಗಳು ಒಂದು ಸಾಲನ್ನು ಹತ್ತು ಸಲ ಆಚೆ ಈಚೆ ಮಾಡಿಸ್ತಾರೆ. ಅದು ಒಳ್ಳೆಯದುಂಟು. ನಾನು ಬೇಕು ಅಂದಾಗ ಆದ್ರೆ ಸಾಕು."

ಲೋಕದಲ್ಲಿ ನನ್ನ ಚಿಟಿಕೆಯನ್ನು ಮೆಚ್ಚಿದ ಏಕೈಕ ವ್ಯಕ್ತಿ ಅವಳೇ ಎಂದು ಹೀಗೆ ಗೊತ್ತಾಯಿತು.

ಪಾಲು ಮಾಡಿಕೊಳ್ಳಲು ಬಂದವರು ಅಣ್ಣ, ತಮ್ಮ, ಇಬ್ಬರು ತಂಗಿಯರು. ನಾಲ್ಕು ಪಾಲು, ಹದಿನಾರು ಗಡಿ. ನಾಲ್ವರೂ ಒಬ್ಬರ ಮುಖ ಒಬ್ಬರು ನೋಡದಂತೆ ಕೂತಿದ್ದರು. ಅವರ ನಡುವೆ ಒಂದು ಬಾವಿ ಸ್ಥಳ ಬದಲಿಸಿದರೆ ಏನಾಗುತ್ತದೆಂದು ಊಹಿಸಲು ಕಷ್ಟವಿರಲಿಲ್ಲ. ನಾನು ಗೋಡೆಗೆ ಒರಗಿ ಕೂತೆ. ಧನಿಗಳು ಹೇಳುತ್ತ ಹೋದರು, ಅಕ್ಕ ಬರೆಯುತ್ತ ಹೋದಳು. ಸರಿಯಾದ ಶಬ್ದ ಸಿಗದಾಗ ಧನಿಗಳು ಮಾಡಿನ ಅಡ್ಡತೊಲೆ ನೋಡುತ್ತಾರೆ. ಕೆಲವು ಶಬ್ದ ಅಲ್ಲಿ ಬೇಗ ಸಿಗುವುದಿಲ್ಲ.

"ಸದ್ರಿ ಸ್ಥಳದ ಪಡು ಬದಿಗೆ..." ಎಂದು ಹೇಳಿ ಅವರು ಮೇಲೆ ನೋಡಿದರು.

ಅಕ್ಕನೂ ಮೇಲೆ ನೋಡಿದಳು. ಅವಳ ಬಲಗೈ ಟಚ್‌ಪ್ಯಾಡಿನ ಮೇಲೆ ಹೊರಟಿತು. ಮೂರು ಮುಂದೆ, ಒಂದು ಹಿಂದೆ. ನಾನು ಗೋಡೆ ಬಿಟ್ಟು ಪರದೆಯ ಕಡೆ ಬಗ್ಗಿದೆ. ಒಂದು ಶಬ್ದಕ್ಕಾಗಿ ಯಾರೂ ಇಷ್ಟು ಹೊತ್ತು ಹುಡುಕಿದ್ದಿಲ್ಲ ಎಂದು ಕಂಡಿತು. ಪರದೆಯ ಮೇಲೆ ಬಾವಿ, ತೋಡು, ದಾರಿ, ಗಡಿಕಲ್ಲು ಎಲ್ಲವೂ ಬರೆದಲ್ಲೇ ನಿಂತಿದ್ದವು. ಕೈ ಕಟ್ಟುತ್ತಲೇ ಇತ್ತು.

"...ಸಾರ್ವಜನಿಕ ಕಾಲುದಾರಿ," ಎಂದರು ಧನಿಗಳು. ಅಕ್ಕ ಬರೆದಳು.

ನಾಲ್ಕೂವರೆಗೆ ಮುಗಿಯಿತು. ಧನಿಗಳು ಮೊದಲಿಂದ ಕೊನೆವರೆಗೆ ಗಟ್ಟಿಯಾಗಿ ಓದಿದರು. ಹದಿನಾರು ಗಡಿಯಲ್ಲಿ ಒಂದೂ ಕದಲಿರಲಿಲ್ಲ. ಜಗಳ ಮಾಡಲು ಕಾರಣ ಸಿಗದೆ ನಾಲ್ವರೂ ಎದ್ದು ಹೋದರು. ಧನಿಗಳು ಕನ್ನಡಕ ತೆಗೆದು ಒರೆಸಿದರು.

"ನಾಳೆಯಿಂದ ಬೀಗದ ಕೈ ನಿಮ್ಮತ್ರ ಇರಲಿಮ್ಮ. ನನಗೆ ಬರುವಾಗ ಹತ್ತಾಗ್ತದೆ." ಆಮೇಲೆ ನನ್ನ ಕಡೆ ತಿರುಗಿದರು. "ಮಾಸ್ಟ್ರೇ, ಮಷೀನು ರಿಪೇರಿ ಆಯ್ತಾ?"

"ಆಯ್ತು," ಎಂದೆ.

"ಎಂತ ಆಗಿತ್ತು ಅದಕ್ಕೆ?"

"ಸ್ವಲ್ಪ ಅಹಂಕಾರ," ಎಂದೆ. ಅವರಿಗೆ ಅರ್ಥವಾಗಲಿಲ್ಲ, ಬಿಡಿಸಿ ಹೇಳುವ ಧೈರ್ಯ ನನಗೂ ಇರಲಿಲ್ಲ.

ಅಕ್ಕನಿಗೆ ಗುರುವಾಯನಕೆರೆಯ ಮೇಲೆ ಹೋಗುವ ಬೆಳ್ತಂಗಡಿಯ ಬಸ್ಸು, ನನಗೆ ಮೂಡುಬಿದಿರೆಯದ್ದು. ನಿಲ್ದಾಣದಲ್ಲಿ ನಿಂತೆವು. ಅವಳು ಬೀಗದ ಕೈಯನ್ನು ಪರ್ಸಿಗೆ ಹಾಕಿರಲಿಲ್ಲ, ಮುಷ್ಟಿಯಲ್ಲೇ ಹಿಡಿದಿದ್ದಳು. ಇಷ್ಟು ಖುಷಿಯಾಗಿ ಅವಳನ್ನು ನಾನು ಅವಳ ಮದುವೆಯಲ್ಲೂ ನೋಡಿರಲಿಲ್ಲ.

"ನೀನು ಕಡೆಗೆ ಎಂತ ಮಾಡಿದ್ದು ಅದಕ್ಕೆ?" ಎಂದು ಕೇಳಿದಳು.

"ಹೆಚ್ಚೆಂತ ಇಲ್ಲ. ನೀನು ಎಷ್ಟು ಸುರುಟಿದ್ರೂ ಏನೂ ಆಗದ ಹಾಗೆ ಮಾಡಿದೆ."

ಅವಳು ಜೋರಾಗಿ ನಕ್ಕಳು. ಪಕ್ಕದಲ್ಲಿ ನಿಂತವರು ತಿರುಗಿ ನೋಡಿದರು.

"ಏನೂ ಆಗ್ಲಿಲ್ಲ ಅಂತ ಹೇಳ್ಬೇಡ ಮಾರಾಯ. ನೀನು ಮಾಸ್ಟ್ರು ಆದದ್ದು ಮತ್ತೆ ಹೇಗೆ?"

ಬೆಳ್ತಂಗಡಿಯ ಬಸ್ಸು ಬಂತು. ಅವಳು ಹತ್ತಿ ಕಿಟಕಿಯ ಪಕ್ಕ ಕೂತು, ಬೀಗದ ಕೈ ಇದ್ದ ಮುಷ್ಟಿಯನ್ನೇ ಬೀಸಿದಳು. ಬಸ್ಸು ತಿರುವು ದಾಟುವವರೆಗೆ ನಾನೂ ಕೈ ಬೀಸಿದೆ.

ತೋಡಾರಿಗೆ ಬಂದವನೇ ಲ್ಯಾಪ್‌ಟಾಪ್ ತೆರೆದು, ಸುರುಟಿನ ಎದುರು ಬರೆದಿದ್ದ ಸಾಲನ್ನು ಅಳಿಸಿದೆ. ಬದಲಿಗೆ ಏನು ಬರೆಯಬೇಕೆಂದು ತಿಳಿಯಲಿಲ್ಲ. ಉಸ್ತುವಾರಿ ಮಹಾಶಯರು ಎರಡು ಸಲ ನೆನಪಿಸಿದ್ದಾರೆ, ವಿವರಣೆಯ ಜಾಗ ಖಾಲಿ ಇದೆ, ತುಂಬಿಸಿ ಎಂದು. ಇನ್ನೂ ತುಂಬಿಸಿಲ್ಲ.